ಅಕ್ಕ ಬರೆದ ಪರೀಕ್ಷೆಗಳು

ಊದುಬತ್ತಿ ಹೊಸೆಯುವ ಮನೆಯಲ್ಲಿ ಬೆಳೆದವಳು ನಾನು ಎಂದರೆ ಜನ ತಕ್ಷಣ ಮೂಗರಳಿಸುತ್ತಾರೆ. ಮನೆ ತುಂಬ ಘಮಘಮ ಅಂತಿದ್ದಿರಬೇಕು ಅಲ್ಲವೇ ಎಂದು ಕೇಳುತ್ತಾರೆ. ಅವರ ಸಂತೋಷ ಕೆಡಿಸುವುದು ನನಗೆ ಇಷ್ಟ. ಘಮವೆಲ್ಲ ಫ್ಯಾಕ್ಟರಿಯವರದು. ನಾವು ಹೊಸೆದು ಒಣಗಿಸಿ ಕೊಟ್ಟ ಮೇಲೆ ಅವರು ಅಲ್ಲಿ ಸೆಂಟಿನಲ್ಲಿ ಅದ್ದುತ್ತಿದ್ದರು. ನಮ್ಮ ಪಾಲಿಗೆ ಬರುತ್ತಿದ್ದದ್ದು ಇದ್ದಿಲ ಪುಡಿ, ಅಂಟಿಗೆ ಜಿಗಟು, ಬಿದಿರಿನ ಕಡ್ಡಿಯ ಕಟ್ಟು. ಬನ್ನಿಮಂಟಪದ ಹಿಂದಿನ ಬೀದಿಯ ಒಂದು ವಠಾರದಲ್ಲಿ ಕೊನೆಯ ಮನೆ ನಮ್ಮದು. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದೆ ತಗಡು ಹೊದಿಸಿದ ಬಚ್ಚಲು. ಬಾಗಿಲ ಚೌಕಟ್ಟು, ದೀಪದ ಸ್ವಿಚ್ಚು, ನೀರಿನ ಚೊಂಬು, ನನ್ನ ಶಾಲೆಯ ಪುಸ್ತಕದ ಅಂಚು, ಎಲ್ಲದರ ಮೇಲೂ ಕರಿ ಹೆಬ್ಬೆಟ್ಟು. ನಾವು ಏನನ್ನಾದರೂ ಕದ್ದಿದ್ದರೆ ಪೊಲೀಸರಿಗೆ ಕೆಲಸವೇ ಇರುತ್ತಿರಲಿಲ್ಲ. ಈಗ ನನ್ನ ಮನೆಯ ಗೋಡೆ ಹಾಲು ಬಿಳುಪು, ವಾರಕ್ಕೊಮ್ಮೆ ಒರೆಸುತ್ತೇನೆ. ಒರೆಸುವಾಗ ಒಂದಾದರೂ ಕರಿ ಬೆರಳು ಕಾಣಬಾರದೇ ಅನ್ನಿಸುತ್ತದೆ.

ಅಪ್ಪ ಒಂದು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಅಡುಗೆಯವರಾಗಿದ್ದರು. ನಾನು ಚಿಕ್ಕವಳಿದ್ದಾಗ ಕೊಪ್ಪರಿಗೆ ಇಳಿಸಲು ಹೋಗಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅಲ್ಲಿಂದಾಚೆ ನಡುಮನೆಯ ಮಂಚವೇ ಅವರ ಮಠ. ಬೆಳಗ್ಗೆ ಮಲಗಿದಲ್ಲೇ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುತ್ತಿದ್ದರು. ಹೂ, ನೀರು ಹಿಡಿದು ನಿಲ್ಲುವುದು ನನ್ನ ಪಾಳಿ. ಪೂಜೆ ಮುಗಿದ ಮರುಗಳಿಗೆ ಅವರ ಮೂಗು ಅಡುಗೆಮನೆಗೆ ಹೋಗುತ್ತಿತ್ತು. ಕಾಲು ಹೋಗದಿದ್ದರೇನು, ಮೂಗಿಗೆ ಯಾವ ಅಡ್ಡಿಯೂ ಇರಲಿಲ್ಲವಲ್ಲ.

"ಗಿರಿಜಾ, ಸಾಸಿವೆ ಸಿಡಿದು ಎಷ್ಟೊತ್ತಾಯ್ತು, ಇನ್ನೂ ಕರಿಬೇವು ಬಿದ್ದಿಲ್ಲ! ಎಲ್ಲಿ ನಿದ್ದೆ ಹೋದ್ಯಮ್ಮಿ?"

"ಬಿದ್ದದೆ ಕಣಪ್ಪ. ನಿಮ್ಮ ಮೂಗಿಗೆ ನೆಗಡಿ."

ಗಿರಿಜ ನನ್ನ ಅಕ್ಕ. ಅಪ್ಪ ಬಿದ್ದ ವರ್ಷ ಒಂಬತ್ತನೇ ತರಗತಿ ಮುಗಿಸಿದವಳು ಮತ್ತೆ ಶಾಲೆಗೆ ಹೋಗಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಅಮ್ಮ ಮದುವೆಯ ದಿನಗಳಲ್ಲಿ ಕಲ್ಯಾಣಮಂಟಪಕ್ಕೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಉಳಿದ ದಿನ ಅಮ್ಮ, ಅಕ್ಕ ಇಬ್ಬರೂ ಮಣೆಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದರು. ಉದಯಗಿರಿಯಿಂದ ಮೇಸ್ತ್ರಿ ಸೈಕಲ್ಲಿನಲ್ಲಿ ಬಂದು ಒಣಗಿದ ಬತ್ತಿಯನ್ನು ಒಯ್ದು ಹೊಸ ಮಾಲು ಇಳಿಸಿ ಹೋಗುತ್ತಿದ್ದ. ಅಪ್ಪನ ಸ್ನಾನ, ಮಲಮೂತ್ರ ಎಲ್ಲ ನೋಡಿಕೊಳ್ಳುತ್ತಿದ್ದವಳೂ ಅಕ್ಕನೇ. ಅವಳ ಅಂಗೈ ಎಷ್ಟು ತೊಳೆದರೂ ಕಪ್ಪೇ. ಊಟದ ಹೊತ್ತಿನಲ್ಲಿ ಕೈ ತಿಕ್ಕುತ್ತ ಕೂತರೆ ಕೆಲಸ ಕೆಡುತ್ತದೆಂದು ಅಮ್ಮ ಮುದ್ದೆ ಮುರಿದು ಬಸ್ಸಾರಿನಲ್ಲಿ ಅದ್ದಿ ಅವಳ ಬಾಯಿಗಿಡುತ್ತಿದ್ದಳು. ಅಷ್ಟು ದೊಡ್ಡ ಹುಡುಗಿ ಹಕ್ಕಿಮರಿಯ ಹಾಗೆ ಬಾಯಿ ತೆರೆಯುವುದನ್ನು ಕಂಡು ನನಗೆ ಹೊಟ್ಟೆಕಿಚ್ಚು. ನನ್ನ ಕೈಯೂ ಕಪ್ಪಾಗಲಿ ಎಂದು ಬೇಕೆಂದೇ ಇದ್ದಿಲ ಬಾಂಡ್ಲಿಯಲ್ಲಿ ಅದ್ದಿ ಏಟು ತಿಂದದ್ದುಂಟು.

ಇಷ್ಟೆಲ್ಲ ಇದ್ದೂ ಅಪ್ಪ ಮಠದ ಒಂದು ಅಭ್ಯಾಸ ಬಿಡಲಿಲ್ಲ. ಹೊಸಿಲು ದಾಟಿ ಬಂದವರನ್ನು ಉಂಡಿರಾ ಎಂದು ಕೇಳಬೇಕು, ಇಲ್ಲ ಎಂದರೆ ಕೂರಿಸಬೇಕು. ಮೇಸ್ತ್ರಿ ಉಂಡಿದ್ದಾನೆ, ವಿಳಾಸ ಕೇಳಲು ಬಂದ ಅಪರಿಚಿತ ಉಂಡಿದ್ದಾನೆ. ಅಮ್ಮ ಒಳಗೆ ಹಲ್ಲು ಕಚ್ಚುತ್ತಿದ್ದಳು. ನೀವು ಕೂಗೋದು ಕೂಗ್ತೀರ, ಇಲ್ಲಿ ತಪ್ಪಲೆ ನೋಡಿದೋರು ಯಾರು ಎಂದು ದಿನಕ್ಕೊಮ್ಮೆಯಾದರೂ ಜಗಳ. ಜಗಳವಾಡುತ್ತಲೇ ಸಾರಿಗೆ ನೀರು ಬೆರೆಸುತ್ತಿದ್ದಳು. ಮುಂದೆ ಎಷ್ಟೋ ಮನೆಗಳಲ್ಲಿ ಗಟ್ಟಿ ಸಾರು ಉಂಡಿದ್ದೇನೆ. ಆ ತೆಳು ಸಾರಿನ ರುಚಿ ಸಿಕ್ಕಿಲ್ಲ.

ಮಹದೇವಿ ನಮ್ಮ ಮನೆಗೆ ಬಂದದ್ದು ಮಾತ್ರ ಊಟಕ್ಕಲ್ಲ. ವಠಾರದ ಮೊದಲ ಮನೆಯ ಟೈಲರ್ ಅವಳ ಸೋದರಮಾವ. ಮಂಡಕಳ್ಳಿಯ ಹುಡುಗಿ. ಮಗುವಾಗಿದ್ದಾಗ ಜ್ವರ ಬಂದು ಕಣ್ಣು ಹೋಗಿತ್ತು. ಅಂಧ ಮಕ್ಕಳ ಶಾಲೆಯಲ್ಲಿ ಓದಿ, ಈಗ ಎಲ್ಲರ ಜೊತೆ ಸಾಮಾನ್ಯ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿಗೆ ಬಂದಿದ್ದಳು. ಬೆರಳಿಂದ ಓದುವ ಪುಸ್ತಕ ಅವಳ ಪಾಠಗಳಿಗೆ ಸಿಕ್ಕಿರಲಿಲ್ಲ. ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಮಾವನ ಮನೆಯಲ್ಲಿ ಹೊಲಿಗೆ ಮಿಷನ್ನು ಬಿಟ್ಟರೆ ಬೇರೆ ಯಾರಿಗೂ ಗಟ್ಟಿ ದನಿ ಇರಲಿಲ್ಲ. ಒಂದು ಮಧ್ಯಾಹ್ನ ಅಕ್ಕ ಬತ್ತಿ ಹೊಸೆಯುತ್ತ, ಎದುರಿಗೆ ಹಾಸಿದ್ದ ಹಳೆಯ ಪೇಪರಿನಲ್ಲಿ ಕಂಡದ್ದನ್ನು ಅಪ್ಪನಿಗೆ ಓದಿ ಹೇಳುತ್ತಿದ್ದಳು. ಗೋಡೆ ಸವರಿಕೊಂಡು ಒಬ್ಬಳು ಬಾಗಿಲಿಗೆ ಬಂದು ನಿಂತಳು.

"ಓದ್ತಿರೋದು ಯಾರು? ದನಿ ಚಂದಾಗೈತೆ. ನಂಗೂ ಒಸಿ ಓದ್ಕೊಡ್ತೀಯಾ?"

"ಓದ್ತೀನಿ. ಆದ್ರೆ ಕೈ ಪೂರಾ ಕರೀದು, ಪುಸ್ತಕ ಮುಟ್ಟೋ ಹಂಗಿಲ್ಲ. ಕೆಲಸ ಬಿಟ್ಟು ಎದ್ರೆ ಮೇಸ್ತ್ರಿ ಬೈತಾನೆ."

"ಅಷ್ಟೇ ತಾನೆ? ನಿನ್ನ ಕೆಲಸ ನಂಗ್ ಕೊಡು. ನನ್ನ ಪುಸ್ತಕ ನೀನ್ ತಕೊ."

ಅಮ್ಮನಿಗೆ ಭಯ. ಮೇಸ್ತ್ರಿ ಸೊಟ್ಟ ಬತ್ತಿಯನ್ನು ಮುಖದ ಮೇಲೆ ಎಸೆಯುವವನು. ಮೊದಲ ದಿನ ಮಹದೇವಿ ಹೊಸೆದ ಬತ್ತಿ ಹಾವು ಇಲಿ ನುಂಗಿದ ಹಾಗೆ ನಡುವೆ ಉಬ್ಬಿಕೊಂಡಿತ್ತು. ನಾನು ನಕ್ಕೆ. ನಗು ಬಂದ ಕಡೆಗೆ ಅವಳು ಅಂಟಿನ ಉಂಡೆ ಎಸೆದಳು. ಸರಿಯಾಗಿ ಹಣೆಗೆ ಬಿತ್ತು. ಸ್ವಲ್ಪ ದಿನದಲ್ಲೇ ಅವಳ ಬತ್ತಿ ಅಮ್ಮನ ಬತ್ತಿಯ ಜೊತೆ ಬೆರೆತರೆ ಯಾವುದು ಯಾರದೆಂದು ಹೇಳಲಾಗುತ್ತಿರಲಿಲ್ಲ. ಶಾಲೆ ಬಿಟ್ಟವಳೇ ಬಂದು ಅಕ್ಕನ ಮಣೆಯ ಮುಂದೆ ಕೂರುತ್ತಿದ್ದಳು. ಅಕ್ಕ ಹುಣಸೆಹಣ್ಣು, ಬೂದಿ ಹಚ್ಚಿ ಕೈ ತಿಕ್ಕಿಕೊಂಡು ಪುಸ್ತಕ ಹಿಡಿಯುತ್ತಿದ್ದಳು. ಅಕ್ಕನ ಕೈಗೆ ಇಡೀ ದಿನದಲ್ಲಿ ರಜ ಸಿಗುತ್ತಿದ್ದದ್ದು ಆಗ ಮಾತ್ರ.

ಆ ಸಂಜೆಗಳು ನನಗೆ ಇವತ್ತಿಗೂ ಬೇಕು. ಅಕ್ಕನ ದನಿ, ಮಣೆಯ ಮೇಲೆ ಕಡ್ಡಿ ಉರುಳುವ ಸರ್‌ಸರ್ ಶಬ್ದ, ಮಂಚದ ಮೇಲಿಂದ ಅಪ್ಪನ ಅಧಿಕಪ್ರಸಂಗ. ಯಾವುದೋ ರಾಜ ಯುದ್ಧದಲ್ಲಿ ಸೋತ ಎಂದು ಅಕ್ಕ ಓದಿದರೆ, ದಂಡಿಗೆ ಸರಿಯಾಗಿ ಊಟ ಹಾಕಿರಲ್ಲ ಬಿಡು ಎಂದು ಅಪ್ಪ ತೀರ್ಪು ಕೊಡುತ್ತಿದ್ದರು. ಮಹದೇವಿ ಅದನ್ನೂ ಸೇರಿಸಿ ಒಪ್ಪಿಸುತ್ತಿದ್ದಳು. ನಾಲ್ಕನೇ ತರಗತಿಯಲ್ಲಿದ್ದ ನಾನು ಹತ್ತನೆಯದರ ಪಾಠವನ್ನೆಲ್ಲ ಕೇಳಿಸಿಕೊಂಡು ಗೋಡೆಗೊರಗಿ ನಿದ್ದೆ ಹೋಗುತ್ತಿದ್ದೆ. ಅಕ್ಕ ಈಗ ಇಲ್ಲ. ಎದೆಯಲ್ಲಿ ಇದ್ದಿಲು ಕೂತಿತ್ತೋ ಏನೋ, ಕೆಮ್ಮು ಹಿಡಿದು, ಹೋಗಬಾರದ ವಯಸ್ಸಿನಲ್ಲಿ ಹೋದಳು. ಅವಳ ಒಂದು ಫೋಟೊ ಇದೆ, ಒಂದು ಸೀರೆ ಇದೆ. ಆ ದನಿ ಎಲ್ಲಿಯೂ ಇಲ್ಲ. ಆಗ ನಮ್ಮ ಮನೆಯಲ್ಲಿ ದನಿ ಹಿಡಿದಿಡುವ ಯಾವ ಯಂತ್ರವೂ ಇರಲಿಲ್ಲ.

ಫೋಟೊದ ಕಥೆ ಹೇಳಬೇಕು. ಮಹದೇವಿಯ ಶಾಲೆಯ ಹೆಡ್‌ಮಿಸ್ಸು ಒಮ್ಮೆ ಅವಳನ್ನು ನೋಡಲು ವಠಾರಕ್ಕೆ ಬಂದಿದ್ದರು. ಅಕ್ಕ ಪಾಠ ಓದುವುದನ್ನು ಹೊರಗೆ ನಿಂತು ಕೇಳಿದರು. ಅಪ್ಪ ಬಿಡದೆ ಕೂರಿಸಿ ಉಪ್ಪಿಟ್ಟು ಕೊಡಿಸಿದರು. ತಿನ್ನುತ್ತಲೇ ಹೆಡ್‌ಮಿಸ್ಸು, ಇಷ್ಟೆಲ್ಲ ಓದಿ ಹೇಳುವವಳು ತಾನೂ ಯಾಕೆ ಬರೆಯಬಾರದು, ಶಾಲೆಗೆ ಹೋಗದೆಯೂ ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು ಎಂದರು. ಕಟ್ಟಿಸಿದ್ದೂ ಅವರೇ. ಹಾಲ್ ಟಿಕೆಟ್ಟಿಗೆ ಫೋಟೊ ಬೇಕೆಂದು ಅಕ್ಕ ಅಮ್ಮನ ಮದುವೆ ಸೀರೆ ಉಟ್ಟು ಸ್ಟುಡಿಯೋಗೆ ಹೋದಳು. ಮುಖ ಮಾತ್ರ ಬರುವ ಫೋಟೊ ಅದು. ಆದರೂ ಎರಡು ಕೈಯನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು. ಮನೆಗೆ ಬಂದು ಮೂರು ಸಂಜೆ ಅದೇ ಮಾತು, ಪಾಸಾದರೆ ಅಂಗನವಾಡಿಯಲ್ಲಿ ಕೆಲಸ ಕೇಳಬಹುದು, ಮುಂದೆ ಕಾಲೇಜಿಗೂ ಕಟ್ಟಬಹುದು. ಅವಳು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಹದೇವಿಗೆ ಪರೀಕ್ಷೆ ಬರೆದುಕೊಡಲು ಒಬ್ಬರು ಬೇಕಿತ್ತು. ಅವಳು ಬಾಯಲ್ಲಿ ಹೇಳಬೇಕು, ಅವರು ಕೈಯಲ್ಲಿ ಬರೆಯಬೇಕು. ಬರೆಯುವವರು ಅವಳಿಗಿಂತ ಕೆಳಗಿನ ತರಗತಿಯವರಾಗಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬಾರದು ಎಂಬುದು ನಿಯಮ. ಉತ್ತರ ಗೊತ್ತಿದ್ದವರು ತಾವೇ ಬರೆದುಬಿಟ್ಟಾರು ಎಂಬ ಅನುಮಾನ. ಅದೇ ಶಾಲೆಯ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಪ್ಪಿದ್ದಳು. ಪರೀಕ್ಷೆಗೆ ಇನ್ನು ವಾರವಿದೆ ಎನ್ನುವಾಗ ಆ ಹುಡುಗಿಯ ಮೈಮೇಲೆ ಅಮ್ಮ ಎದ್ದಿತು. ಮಾರ್ಚಿ ಬಿಸಿಲು, ಸೀತಾಳೆ ಸಿಡುಬಿನ ಕಾಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮೇಲೆ ಆ ಮನೆಯವರು ಹೊರಗೆ ಬರುವಂತಿಲ್ಲ. ಬೇರೆ ಹುಡುಗಿಯರ ತಾಯಂದಿರು, ನಮ್ಮ ಮಗಳಿಗೂ ಪರೀಕ್ಷೆ ಇದೆ ಎಂದರು. ಅವರದೂ ಸುಳ್ಳಲ್ಲ. ಟೈಲರ್ ಮಾವ ಆಗಲೇ ಹೇಳಿಬಿಟ್ಟಿದ್ದ, ಈ ವರ್ಷ ಆಗದಿದ್ದರೆ ಇವಳನ್ನು ಊರಿಗೆ ಬಿಟ್ಟುಬರುತ್ತೇನೆ, ಇನ್ನೊಂದು ವರ್ಷ ನನ್ನ ಕೈಲಿ ಇಟ್ಟುಕೊಳ್ಳಲಾಗದು ಎಂದು. ಊರಿಗೆ ಹೋದರೆ ಹಸುವಿನ ಹಗ್ಗ ಹಿಡಿದು ಕೂರುವುದೇ ಅವಳ ಪಾಲಿಗೆ ಉಳಿಯುತ್ತಿದ್ದದ್ದು.

ಆ ಸಂಜೆ ಪಾಠ ನಡೆಯಲಿಲ್ಲ. ಮಹದೇವಿ ಸುಮ್ಮನೆ ಬತ್ತಿ ಹೊಸೆಯುತ್ತಿದ್ದಳು. ಅಕ್ಕ ತುಂಬ ಹೊತ್ತು ಕೈ ತೊಳೆದು ಬಂದು ಅವಳ ಪಕ್ಕ ಕೂತಳು.

"ನಾನು ಬರೀತೀನಿ ನಿಂಗೆ."

"ಥೂ, ಬುಡು. ನಿಂಗೂ ಅವತ್ತೇ ಪರೀಕ್ಷೆ. ಎರಡು ಕಡೆ ಎಂಗೆ ಕೂತೀಯ?"

"ಒಂದೇ ಕಡೆ ಕೂರ್ತೀನಿ. ನಂದು ಮುಂದಿನ ವರ್ಷ ಕಟ್ತೀನಿ. ನಿಂಗೆ ಮುಂದಿನ ವರ್ಷ ಇಲ್ವಲ್ಲ."

ಮಹದೇವಿ ಮಣೆ ಪಕ್ಕಕ್ಕೆ ತಳ್ಳಿ ಎದ್ದಳು. ನಿನ್ನ ಭಿಕ್ಷೆ ನನಗೆ ಬೇಡ ಎಂದು ಕೂಗಿದಳು. ಅಕ್ಕನೂ ಕೂಗಿದಳು. ಅಷ್ಟು ದಿನ ನನ್ನ ಪಾಲಿನ ಬತ್ತಿ ಹೊಸೆದೆಯಲ್ಲ, ಅದು ನನಗೆ ಭಿಕ್ಷೆಯಾ ಎಂದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡಳು. ಮನೆಯಲ್ಲಿ ಎಲ್ಲರಿಗೂ ಊಟ ಹಾಕು ಎನ್ನುತ್ತಿದ್ದ ಅಪ್ಪ ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂದಿತ್ತು.

"ಅಷ್ಟು ವರ್ಷ ಬಡಿಸಿದೋನು ನಾನು. ಬಡಿಸೋನೂ ಉಣ್ಬೇಕು ಕಣಮ್ಮಿ. ಎಲ್ರುದೂ ಆಗ್ಲಿ ಅಂತ ಕೂತ್ರೆ ಕೊನೇಗೆ ತಪ್ಪಲೆ ಬಳಿಯೋದೇ ಆಯ್ತದೆ."

"ಒಂದೇ ವರ್ಷ ಅಪ್ಪ."

"ಎಲ್ರೂ ಹಂಗೇ ಅಂತಾರೆ."

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದರು. ಅಂದಿನಿಂದ ಒಲೆಯ ಮೇಲೆ ಏನು ಸೀದರೂ ಅವರು ಕೂಗಲಿಲ್ಲ. ಹೆಡ್‌ಮಿಸ್ಸು ಓಡಾಡಿ ಅನುಮತಿ ತಂದರು.

ಪರೀಕ್ಷೆಗಳು ಒಂದೊಂದಾಗಿ ಮುಗಿದವು. ವಿಜ್ಞಾನದ ದಿನ ಇಬ್ಬರೂ ಮುಖ ಗಂಟಿಕ್ಕಿಕೊಂಡು ಬಂದರು. ನಡೆದದ್ದು ಇಷ್ಟು. ಮೂತ್ರಪಿಂಡದ ಕೆಲಸವೇನು ಎಂಬ ಪ್ರಶ್ನೆ. ಮಹದೇವಿ ಎಲ್ಲಿಯೂ ತಡವರಿಸದೆ ಹೇಳಿದ್ದಳು: ಮೂತ್ರಪಿಂಡಗಳು ರಕ್ತವನ್ನು ಶೋಧಿಸಿ ಕಶ್ಮಲವನ್ನು ಬೆವರಿನ ಗ್ರಂಥಿಗಳ ಮೂಲಕ ಹೊರಹಾಕುತ್ತವೆ. ಮನೆಯಲ್ಲಿ ಅಕ್ಕ ಓದಿದ್ದೇ ಹಾಗೆ. ಪುಸ್ತಕದ ಎರಡು ಹಾಳೆ ಬತ್ತಿಯ ಅಂಟಿಗೆ ಅಂಟಿಕೊಂಡುಬಿಟ್ಟಿದ್ದವು. ಮೂತ್ರಪಿಂಡದ ಅರ್ಧ ವಾಕ್ಯ ಹೋಗಿ ಚರ್ಮದ ಪಾಠದ ಅರ್ಧ ವಾಕ್ಯಕ್ಕೆ ಕೂಡಿಕೊಂಡಿತ್ತು. ಓದುವಾಗ ಗೊತ್ತಾಗಲಿಲ್ಲ, ಪರೀಕ್ಷೆಯಲ್ಲಿ ಇನ್ನೊಬ್ಬರ ಬಾಯಿಂದ ಕೇಳಿದಾಗ ಅಕ್ಕನಿಗೆ ಗೊತ್ತಾಯಿತು. ಅಪ್ಪನ ಮೂತ್ರದ ಪಾತ್ರೆಯನ್ನು ದಿನವೂ ಎತ್ತುವವಳಿಗೆ ಅದು ಬೆವರಾಗಿ ಹೋಗುವುದಿಲ್ಲ ಎಂದು ಯಾವ ಪುಸ್ತಕವೂ ಹೇಳಬೇಕಾಗಿರಲಿಲ್ಲ. ಅವಳ ಪೆನ್ನು ನಿಂತಿತು. ಮಾತಾಡುವಂತಿಲ್ಲ, ಪಕ್ಕದಲ್ಲೇ ಮೇಲ್ವಿಚಾರಕರು. ಪೆನ್ನಿನ ಸದ್ದು ನಿಂತದ್ದು ಮಹದೇವಿಗೆ ಕೇಳಿಸಿತು. ಎಲ್ಲೋ ತಪ್ಪಿದೆ ಎಂದು ಅವಳಿಗೂ ಆ ಕ್ಷಣವೇ ತಿಳಿಯಿತು.

"ಗೊತ್ತಾಯ್ತಲ್ಲ, ಬದಲಾಯಿಸಿ ಹೇಳ್ಬೇಕಾಗಿತ್ತು," ಎಂದು ಅಕ್ಕ ಅಡುಗೆಮನೆಯಲ್ಲಿ ಅಳುತ್ತಿದ್ದಳು. "ತಪ್ಪು ಓದಿದ್ದು ನಾನು ಕಣೇ, ನೀನಲ್ಲ."

"ನಿನ್ನ ಪೆನ್ನು ನಿಂತಿದ್ ಕೇಳಿ ಬದಲಾಯಿಸಿದ್ರೆ ಅದು ನಿನ್ನ ಉತ್ತರ. ನಾನು ಯೋಳಿದ್ದೇ ಬರಿ ಅಂದೆ, ನೀನು ಬರೆದೆ. ಚಂದಾಗಾಯ್ತು."

"ಫೇಲಾದ್ರೆ?"

"ಆದ್ರೆ ನಾನು ಆಯ್ತೀನಿ. ನಿನ್ನ ತಲೆ ಮೇಲೆ ಹಾಕ್ಕೋಬೇಡ."

ಮಂಚದ ಮೇಲಿಂದ ಅಪ್ಪನ ದನಿ ಬಂತು. ಎಷ್ಟೋ ದಿನದ ಮೇಲೆ ಅವರು ಮಾತಾಡಿದ್ದು.

"ಬೆವರಾಗಿ ಹೋಗೋ ಹಂಗಿದ್ರೆ ನಮ್ಮ ಗಿರಿಜಂಗೆ ಎಷ್ಟು ಕೆಲಸ ತಪ್ತಿತ್ತು!"

ಅಳುತ್ತಿದ್ದವಳು ನಕ್ಕಳು, ಮಹದೇವಿ ನಕ್ಕಳು, ಅಮ್ಮ ಒಲೆ ಊದುವುದನ್ನು ಬಿಟ್ಟು ನೆಲಕ್ಕೆ ಕೂತು ನಕ್ಕಳು. ಕಷ್ಟದ ಮನೆಯಲ್ಲಿ ನಗು ಇರುವುದಿಲ್ಲ ಎಂದುಕೊಂಡವರಿಗೆ ನಾನು ಆ ಮಧ್ಯಾಹ್ನವನ್ನು ತೋರಿಸಬೇಕು. ಮಹದೇವಿ ಪಾಸಾದಳು, ವಿಜ್ಞಾನದಲ್ಲಿ ಅಂಚಿಗೆ ನಿಂತು ಪಾಸಾದಳು. ಹಾಸ್ಟೆಲ್ಲಿಗೆ ಸೇರಿ ಮುಂದೆ ಓದಿದಳು, ತಾನೇ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದಳು. ಅವಳು ಹೋದ ಮೇಲೆ ನಮ್ಮ ಮನೆಯ ಸಂಜೆ ಸಪ್ಪಗಾಯಿತು. ಅಕ್ಕ ಮತ್ತೆ ತನ್ನ ಮಣೆಗೆ ತಾನೇ ಬಂದು ಕೂತಳು.

ಮುಂದಿನ ವರ್ಷ ಅವಳು ಬರೆಯಬೇಕಿತ್ತು. ಆದರೆ ಪರೀಕ್ಷೆ ಕಟ್ಟುವ ಹೊತ್ತಿಗೆ ಒಬ್ಬ ತಾಯಿ ಕಣ್ಣಿಲ್ಲದ ಮಗನ ಕೈ ಹಿಡಿದುಕೊಂಡು ವಠಾರ ಹುಡುಕಿ ಬಂದಳು. ಇಲ್ಲೊಬ್ಬಳು ಹುಡುಗಿ ಇದ್ದಾಳಂತೆ, ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಾಳಂತೆ, ಎಸ್ಸೆಸ್ಸೆಲ್ಸಿಯೂ ಆಗಿಲ್ಲವಂತೆ. ಅಪ್ಪ ಅಭ್ಯಾಸಬಲದಿಂದ ಉಂಡಿರಾ ಎಂದು ಕೇಳಿಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡರು. ಅಕ್ಕ ಆ ಹುಡುಗನಿಗೆ ಬರೆದಳು. ಅದರ ಮುಂದಿನ ವರ್ಷ ಇನ್ನೊಬ್ಬರು ಬಂದರು. ತಾನು ಪಾಸಾಗದೆ ಉಳಿದದ್ದೇ ಅವಳ ಅರ್ಹತೆ. ನೋಡಲು ಬಂದ ಗಂಡಿನ ಕಡೆಯವರು ಅಪ್ಪನ ಮಂಚ ಕಂಡು ಕಾಫಿ ಕುಡಿದು ಹೋಗುತ್ತಿದ್ದರು. ಪ್ರತಿ ಮಾರ್ಚಿಯಲ್ಲೂ ಅಕ್ಕ ಕೈ ತಿಕ್ಕಿ ತೊಳೆದು ಬೇರೆಯವರ ನಂಬರಿನ ಬೆಂಚಿಗೆ ಹೋಗಿ ಕೂರುತ್ತಿದ್ದಳು. ಎಷ್ಟೋ ಸಲ ಎಸ್ಸೆಸ್ಸೆಲ್ಸಿ ಬರೆದಳು. ಒಂದು ಸಲವೂ ಅದು ಅವಳದಾಗಿರಲಿಲ್ಲ.

ನಾನು ಹತ್ತನೇ ತರಗತಿಗೆ ಬಂದ ವರ್ಷ ಮಹದೇವಿ ಒಂದು ದಿನ ಊರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬಂದಳು. ಅಕ್ಕ ಇನ್ನೂ ಕಟ್ಟಿಲ್ಲ ಎಂದು ಕೇಳಿ, ಅಮ್ಮ ಕೊಟ್ಟ ನೀರಿನ ಲೋಟ ಹಾಗೇ ಕೆಳಗಿಟ್ಟಳು.

"ಈ ಸಲ ತಂಗಿ ಜೊತೆ ನೀನೂ ಕಟ್ಬೇಕು. ಇನ್ಯಾರ್ಗಾದ್ರೂ ಬರೆಯಾಕ್ ಹೋದೆ ಅಂದ್ರೆ ನಿಮ್ಮನೆ ನೀರ್ ಮುಟ್ಟಾಕಿಲ್ಲ ನಾನು."

"ಅಷ್ಟೂ ದಿನ ಮಣೆ ಮುಂದೆ ಯಾರು ಕೂರ್ತಾರೆ? ಅಮ್ಮಂಗೆ ಮೊದಲಿನಂಗೆ ಆಗಲ್ಲ."

"ನಾನಿಲ್ವಾ?"

ಹೇಳಿದ ಹಾಗೆ ರಜ ಹಾಕಿ ಬಂದಳು. ಪರೀಕ್ಷೆಯ ಮೊದಲ ಬೆಳಗ್ಗೆ ಒಳ್ಳೆಯ ಸೀರೆ ಬಿಚ್ಚಿಟ್ಟು, ಅಮ್ಮನ ಹಳೆಯದೊಂದನ್ನು ಉಟ್ಟು, ಅಕ್ಕನ ಜಾಗದಲ್ಲಿ ಕೂತು ಇದ್ದಿಲು ಕಲಸಿಕೊಂಡಳು. ಅಪ್ಪ ಬಹಳ ಸೋತಿದ್ದರು. ಹತ್ತಿರ ಕರೆದು ನಮ್ಮಿಬ್ಬರ ಹಣೆಗೂ ವಿಭೂತಿ ಇಟ್ಟರು. ಅಕ್ಕನ ಹಣೆಗೆ ಇಟ್ಟ ಕೈಯನ್ನು ಸ್ವಲ್ಪ ಹೊತ್ತು ತೆಗೆಯಲಿಲ್ಲ.

ಖಾಸಗಿಯಾಗಿ ಕಟ್ಟಿದವರನ್ನು ನಮ್ಮ ಕೋಣೆಯಲ್ಲೇ ಕಿಟಕಿ ಪಕ್ಕದ ಸಾಲಿಗೆ ಹಾಕಿದ್ದರು. ನನಗೆ ಅಕ್ಕನ ಬೆನ್ನು, ಅರ್ಧ ಮುಖ ಕಾಣುತ್ತಿತ್ತು. ಪ್ರಶ್ನೆಪತ್ರಿಕೆ ಕೊಟ್ಟರು. ಸುತ್ತ ಎಲ್ಲರ ಪೆನ್ನೂ ಓಡತೊಡಗಿತು. ಅಕ್ಕ ಪೆನ್ನು ಹಿಡಿದು ಹಾಳೆಯ ಮೇಲೆ ಕೈಯಿಟ್ಟು ಕೂತಿದ್ದಳು, ತಲೆಯನ್ನು ಒಂದಿಷ್ಟು ಬಲಕ್ಕೆ ವಾಲಿಸಿಕೊಂಡು, ಯಾರೋ ಏನೋ ಹೇಳಲಿ ಎಂದು ಕಾಯುವವರ ಹಾಗೆ. ಅವಳಿಗೆ ಎಲ್ಲ ಉತ್ತರವೂ ಬರುತ್ತಿತ್ತು. ನನಗೆ ಪಾಠ ಹೇಳಿದ್ದೇ ಅವಳು. ಆದರೆ ಹೇಳುವವರಿಲ್ಲದೆ ಬರೆದು ಅವಳ ಕೈಗೆ ಅಭ್ಯಾಸವಿರಲಿಲ್ಲ. ನನಗೆ ಕೂಗಿಕೊಳ್ಳಬೇಕು ಅನ್ನಿಸಿತು, ಬರಿ ಅಕ್ಕ, ಬರಿ. ನನ್ನ ಹಾಳೆ ಖಾಲಿಯಾಗಿಯೇ ಇತ್ತು. ಆಮೇಲೆ ಅವಳ ತುಟಿ ಅಲ್ಲಾಡಿತು. ಮೊದಲು ಪಿಸುದನಿ, ಬರಬರುತ್ತ ನಮ್ಮ ನಡುಮನೆಯ ಅದೇ ದನಿ, ಒಂದೊಂದು ವಾಕ್ಯ ಹೇಳಿ ನಿಲ್ಲಿಸುವುದು, ಬರೆಯುವುದು. ಮೇಲ್ವಿಚಾರಕರು ತಲೆಯೆತ್ತಿದರು.

"ಯಾರಮ್ಮ ಅದು? ಯಾರಿಗೆ ಹೇಳಿಕೊಡ್ತಾ ಇದ್ದೀಯ?"

ಅಕ್ಕ ಗಾಬರಿಯಿಂದ ಎದ್ದು ನಿಂತಳು. ಸುತ್ತಲೂ ನೋಡಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ನನಗೇ ಸಾರ್," ಎಂದಳು.

ಅವರು ಅವಳ ಮುಖವನ್ನೂ ಬೆಂಚನ್ನೂ ನೋಡಿದರು. ಯಾರೋ ಹುಡುಗರು ನಕ್ಕರು. ಅವರು ನಗಲಿಲ್ಲ.

"ಸರಿ, ಕೂತ್ಕೊ. ಮೆಲ್ಲಗೆ ಹೇಳ್ಕೊಳಮ್ಮ."